ಹಳೇ ಬುಲೆಟ್ ಇಂಜಿನ್ನಿಂದ ಎಣ್ಣೆ ಸೋರುತ್ತಿದೆಯಾ? ಪ್ಯಾಕಿಂಗ್ ತರುವ ಮೊದಲು ಇಷ್ಟು ಮಾಡಿ

ಹಳೇ ಬುಲೆಟ್ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಇಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತೆ, ಯಾವ ಪ್ಯಾಕಿಂಗ್ ಹಾಕಿಸಲಿ?" (ಪ್ಯಾಕಿಂಗ್ ಅಂದರೆ ಎರಡು ಭಾಗಗಳ ಜೋಡಣೆಯಲ್ಲಿ ಎಣ್ಣೆ ಸೋರದಂತೆ ನಡುವೆ ಇಡುವ ತೆಳು ಹಾಳೆ.) ಹೀಗೆ ಕೇಳುವವರಲ್ಲಿ ತುಂಬಾ ಜನ ಆಗಲೇ ಎರಡು ಮೂರು ಸಲ ಪ್ಯಾಕಿಂಗ್ ಹಾಕಿಸಿರುತ್ತಾರೆ. ದುಡ್ಡು ಹೋಗಿರುತ್ತದೆ, ಎಣ್ಣೆ ಮಾತ್ರ ನಿಂತಿರುವುದಿಲ್ಲ. ಕೊನೆಗೆ "ಬುಲೆಟ್ ಅಂದ್ಮೇಲೆ ಸೋರೋದೇ ಬಿಡಿ" ಅಂತ ಸುಮ್ಮನಾಗುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಹಳೇ ಇಂಜಿನ್ ಸ್ವಲ್ಪ ಬೆವರಬಹುದು. ಜೋಡಣೆಯ ಅಂಚಿನಲ್ಲಿ ತೆಳುವಾಗಿ ತೇವ ಕಾಣಿಸಿ, ಅದಕ್ಕೆ ಧೂಳು ಅಂಟಿಕೊಂಡರೆ ಚಿಂತೆ ಬೇಡ. ಆದರೆ ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಎಣ್ಣೆ ಮಡುಗಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹುಡುಕಿದರೆ ಸಿಗುತ್ತದೆ. ಎಷ್ಟೋ ಸಲ ಆ ಕಾರಣ ಪ್ಯಾಕಿಂಗ್ ಆಗಿರುವುದೇ ಇಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಕಾಸ್ಟ್ ಐರನ್ ಇಂಜಿನ್ನಿನ 350 ಬುಲೆಟ್ ಬಗ್ಗೆ. 346 ಸಿಸಿ, ಎರಕದ ಕಬ್ಬಿಣದ ಬೋರು (ಪಿಸ್ಟನ್ ಓಡಾಡುವ ಕೊಳವೆ), ನಾಲ್ಕು ಗೇರು. ಮೂಲ ವಿನ್ಯಾಸ ಇಂಗ್ಲೆಂಡಿನದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಶುರುವಾಯಿತು. ಅಲ್ಲಿಂದ ಮುಂದೆ ದಶಕಗಟ್ಟಲೆ ಹೆಚ್ಚುಕಡಿಮೆ ಇದೇ ಇಂಜಿನ್ ಬಂತು. ಆಮೇಲೆ ಬಂದ, ಇಂಜಿನ್ನು ಗೇರ್‌ಬಾಕ್ಸು ಒಂದೇ ಮೈಯಾಗಿರುವ ಯುಸಿಇ ಗಾಡಿಗಳ ರಚನೆ ಬೇರೆ. ಅಂಥ ಗಾಡಿ ಇದ್ದರೂ, ಬೇರೆ ಯಾವ ಹಳೇ ಬೈಕ್ ಇದ್ದರೂ, ಮೊದಲ ಎರಡು ಹಂತ ನಿಮಗೂ ಅನ್ವಯಿಸುತ್ತವೆ.

ಮೊದಲು ತಿಳಿದಿರಬೇಕಾದ್ದು: ಎಣ್ಣೆ ಇರುವುದು ಮೂರು ಕಡೆ

ಈ ಬುಲೆಟ್ಟಿನಲ್ಲಿ ಎಣ್ಣೆಗೆ ಮೂರು ಬೇರೆ ಬೇರೆ ಮನೆಗಳಿವೆ. ಒಂದು ಇಂಜಿನ್. ಎರಡನೆಯದು ಎಡಗಡೆಯ ಚೈನ್ ಕೇಸ್, ಅಂದರೆ ಕ್ಲಚ್ಚು ಮತ್ತು ಅದನ್ನು ತಿರುಗಿಸುವ ಚೈನು ಇರುವ ಡಬ್ಬಿ. ಮೂರನೆಯದು ಗೇರ್‌ಬಾಕ್ಸ್. ಒಂದರ ಎಣ್ಣೆ ಇನ್ನೊಂದಕ್ಕೆ ಹೋಗಬಾರದು. "ಇಂಜಿನ್ ಸೋರ್ತಿದೆ" ಅಂತ ಹೇಳುವಾಗ ನಿಜವಾಗಿ ಸೋರುತ್ತಿರುವುದು ಚೈನ್ ಕೇಸ್ ಆಗಿರಬಹುದು, ಗೇರ್‌ಬಾಕ್ಸ್ ಆಗಿರಬಹುದು.

ಇಂಜಿನ್ ಎಣ್ಣೆಯ ಟ್ಯಾಂಕು ಬೇರೆ ಕಾಣುವುದಿಲ್ಲ. ಅದು ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಕೆಳಗಿನ ಪೆಟ್ಟಿಗೆಯ ಒಳಗೇ, ಕ್ರ್ಯಾಂಕಿನ (ಪಿಸ್ಟನ್ನಿನ ಓಡಾಟದಿಂದ ತಿರುಗುವ ದಂಡ) ಹಿಂದೆ ಪ್ರತ್ಯೇಕ ಕೋಣೆಯಾಗಿದೆ. ಒಂದು ಪಂಪು ಅಲ್ಲಿಂದ ಎಣ್ಣೆ ಎತ್ತಿ ಕ್ರ್ಯಾಂಕಿಗೆ ಕೊಡುತ್ತದೆ. ಇನ್ನೊಂದು ಪಂಪು ಕೆಳಗೆ ಬಿದ್ದ ಎಣ್ಣೆಯನ್ನು ವಾಪಸ್ ಕಳಿಸುತ್ತದೆ. ಈ ವಿಷಯ ಮೂರನೇ ಹಂತದಲ್ಲಿ ಬೇಕಾಗುತ್ತದೆ, ನೆನಪಿರಲಿ.

ಏನೇನು ಬೇಕು

ಒಂದು ಸೆಟ್ ರಿಂಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಹಳೇ ಪೇಂಟ್ ಬ್ರಷ್, ಅರ್ಧ ಲೀಟರ್ ಡೀಸೆಲ್, ಬನಿಯನ್ ವೇಸ್ಟ್, ಟಾಲ್ಕಂ ಪೌಡರ್, ಟಾರ್ಚು, ದೊಡ್ಡ ರಟ್ಟು. ಪ್ಯಾಕಿಂಗ್ ಸೆಟ್, ಫೈಬರ್ ವಾಷರ್, ಕಾಪರ್ ವಾಷರ್ ಇವನ್ನೆಲ್ಲ ಈಗಲೇ ತರಬೇಡಿ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾದ ಮೇಲೆ ತಂದರೆ ಸಾಕು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಉಳಿದ ಊರುಗಳಲ್ಲೂ ಬುಲೆಟ್ ಸಾಮಾನು ಇಡುವ ಅಂಗಡಿ ಒಂದಾದರೂ ಇರುತ್ತದೆ. ಹೋಗುವಾಗ ಹಳೇ ಪ್ಯಾಕಿಂಗನ್ನು ಬಿಸಾಡದೆ ಜೊತೆಗೆ ಒಯ್ಯಿರಿ.

1. ಪೂರ್ತಿ ತೊಳೆಯಿರಿ

ಜಿಡ್ಡು ಮೆತ್ತಿದ ಇಂಜಿನ್ ನೋಡಿ ಸೋರುವ ಜಾಗ ಹೇಳಲು ಯಾರಿಂದಲೂ ಆಗುವುದಿಲ್ಲ. ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಬೆಂಕಿಯಿಂದ ದೂರ ಕೂತು ಬ್ರಷ್ಷಿಗೆ ಡೀಸೆಲ್ ಅದ್ದಿ ತಿಕ್ಕಿ. ಬೋರಿನ ರೆಕ್ಕೆಗಳ ಸಂದು, ಚೈನ್ ಕೇಸಿನ ತಳ, ಗೇರ್‌ಬಾಕ್ಸಿನ ಹಿಂಭಾಗ, ಯಾವುದನ್ನೂ ಬಿಡಬೇಡಿ. ಆಮೇಲೆ ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ.

ಎಚ್ಚರಿಕೆ: ವಾಟರ್ ಸರ್ವಿಸ್‌ನ ಜೋರು ನೀರನ್ನು ಪ್ಲಾಟಿನಂ ಪಾಯಿಂಟ್ ಇರುವ ಡಬ್ಬಿ, ಕಾರ್ಬುರೇಟರ್, ಏರ್ ಫಿಲ್ಟರ್ ಕಡೆಗೆ ಬಿಡಿಸಬೇಡಿ. ಡೀಸೆಲ್ ಹಿಂದಿನ ಡ್ರಮ್ಮಿನ ಒಳಗೆ ಹೋಗದಂತೆ ನೋಡಿಕೊಳ್ಳಿ. ಲೈನರ್ ನೆನೆದರೆ ಬ್ರೇಕ್ ಹಿಡಿಯುವುದಿಲ್ಲ.

2. ಪೌಡರ್ ಹಾಕಿ, ಓಡಿಸಿ, ನೋಡಿ

ಒಣಗಿದ ಇಂಜಿನ್ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಜೋಡಣೆ ಇರುವ ಕಡೆಗಳಲ್ಲಿ ಜಾಸ್ತಿ ಇರಲಿ. ನಿಧಾನವಾಗಿ ಐದಾರು ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಡಬಲ್ ಸ್ಟ್ಯಾಂಡ್ ಹಾಕಿ ಟಾರ್ಚ್ ಬಿಟ್ಟು ನೋಡಿ. ಬಿಳಿ ಪೌಡರಿನಲ್ಲಿ ಎಣ್ಣೆಯ ಗೆರೆ ಎದ್ದು ಕಾಣುತ್ತದೆ.

ಗೆರೆ ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಎಣ್ಣೆ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ತೊಟ್ಟಿಕ್ಕುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ. ಗೆರೆಯನ್ನು ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಿ. ಒದ್ದೆಯಾಗಿರುವುದರಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಬಿಂದುವೇ ಸೋರುವ ಜಾಗ.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ. ಮುಂದಿನ ಚಕ್ರ ಯಾವ ಕಡೆ ಅಂತ ಅದರ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆಯನ್ನು ಮುಟ್ಟಿ ನೋಡಿ. ಕಪ್ಪಗೆ, ತೆಳ್ಳಗೆ ಇದ್ದರೆ ಇಂಜಿನ್ ಎಣ್ಣೆ. ದಪ್ಪಗೆ, ಗ್ರೀಸಿನ ಹಾಗಿದ್ದು ಗಾಢ ವಾಸನೆ ಬಂದರೆ ಗೇರ್‌ಬಾಕ್ಸಿನದು. ಎಡಗಡೆ ಬಿದ್ದಿದ್ದರೆ ಚೈನ್ ಕೇಸನ್ನು ಮೊದಲು ಅನುಮಾನಿಸಿ. ಹಿಂದಿನ ಚೈನಿಗೆ ಹಾಕಿದ ಎಣ್ಣೆ ಸಿಡಿದು ಗೇರ್‌ಬಾಕ್ಸ್ ಒದ್ದೆಯಾಗುವುದೂ ಉಂಟು, ಅದನ್ನು ಸೋರಿಕೆ ಅಂದುಕೊಳ್ಳಬೇಡಿ.

3. ಎಣ್ಣೆ ಎಷ್ಟಿದೆ ನೋಡಿ

ಸೋರಿಕೆಗೂ ಇದಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಹತ್ತಿರದ ಸಂಬಂಧ ಇದೆ.

ಗಾಡಿಯನ್ನು ಎರಡು ಮೂರು ವಾರ ನಿಲ್ಲಿಸಿದರೆ ಟ್ಯಾಂಕಿನ ಎಣ್ಣೆ ಪಂಪಿನ ಸಂದಿನಿಂದ ನಿಧಾನವಾಗಿ ಜಾರಿ ಕ್ರ್ಯಾಂಕ್ ಇರುವ ಕೋಣೆಗೆ ಇಳಿಯುತ್ತದೆ. ಇದಕ್ಕೆ ವೆಟ್ ಸಂಪಿಂಗ್ ಅನ್ನುತ್ತಾರೆ. ಆಗ ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ತೆಗೆದು ನೋಡಿದರೆ ಎಣ್ಣೆ ಕಮ್ಮಿ ಕಾಣುತ್ತದೆ. ಮಾಲೀಕರು ಗಾಬರಿಯಾಗಿ ಅರ್ಧ ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಮಾಡಿದಾಗ ಪಂಪು ಕೆಳಗಿನ ಎಣ್ಣೆಯನ್ನೆಲ್ಲ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಈಗ ಎಣ್ಣೆ ಜಾಸ್ತಿ. ಸೈಲೆನ್ಸರಿನಿಂದ ಹೊಗೆ, ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಗಾಳಿ ಹೊರಗೆ ಹೋಗುವ ಪೈಪು) ಎಣ್ಣೆ. ಇದನ್ನು ನೋಡಿ ಇಂಜಿನ್ ಬಿಚ್ಚಿಸಿದವರೂ ಇದ್ದಾರೆ.

ಹಾಗಾಗಿ ತಣ್ಣಗಿನ ಗಾಡಿಯಲ್ಲಿ ಎಣ್ಣೆ ಅಳೆಯಬೇಡಿ. ಕೆಲವು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಡಬಲ್ ಸ್ಟ್ಯಾಂಡ್ ಮೇಲೆ ಅಳೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಲಿ, ಮೇಲಿನ ಗುರುತು ದಾಟುವುದು ಬೇಡ. ತುಂಬಾ ದಿನ ನಿಂತ ಗಾಡಿಯಾದರೆ ಸ್ಟಾರ್ಟ್ ಮಾಡುವ ಮೊದಲೇ ಕ್ರ್ಯಾಂಕ್ ಕಡೆಯ ಡ್ರೈನ್ ಬೋಲ್ಟ್ ಬಿಚ್ಚಿ, ಇಳಿದ ಎಣ್ಣೆ ತೆಗೆದುಬಿಡಿ. ಕೆಳಗೆ ಒಂದಕ್ಕಿಂತ ಹೆಚ್ಚು ಡ್ರೈನ್ ಬೋಲ್ಟ್ ಇವೆ. ಟ್ಯಾಂಕಿನದು ಬೇರೆ, ಕ್ರ್ಯಾಂಕ್ ಕಡೆಯದು ಬೇರೆ.

ಈ ಇಂಜಿನ್ನಿಗೆ 20ಡಬ್ಲ್ಯೂ50 ಎಣ್ಣೆ ಸರಿ. ಅದಕ್ಕಿಂತ ತೆಳುವಾದದ್ದು ಹಾಕಿದರೆ ಹಳೇ ಇಂಜಿನ್ ಹೆಚ್ಚು ಸೋರುತ್ತದೆ.

4. ಇಂಜಿನ್ ಉಸಿರಾಡುತ್ತಿದೆಯಾ?

ನನ್ನ ಲೆಕ್ಕದಲ್ಲಿ ಇಡೀ ಲೇಖನದಲ್ಲಿ ಮುಖ್ಯ ಹಂತ ಇದು. ಮೆಕ್ಯಾನಿಕ್‌ಗಳೂ ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಬುಲೆಟ್ಟಿಗೆ ಒಂದೇ ಪಿಸ್ಟನ್. ಅದು 90 ಮಿಲಿಮೀಟರ್ ಕೆಳಗಿಳಿದಾಗ ಕ್ರ್ಯಾಂಕ್‌ಕೇಸಿನಲ್ಲಿರುವ ಗಾಳಿಯನ್ನು ಒತ್ತುತ್ತದೆ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸಲ ಈ ಒತ್ತಡ. ಆ ಗಾಳಿ ಹೊರಗೆ ಹೋಗಲು ಬ್ರೀದರ್ ಅಂತ ದಾರಿ ಇದೆ. ಅದರಲ್ಲಿ ಬಾತುಕೋಳಿ ಕೊಕ್ಕಿನ ಆಕಾರದ ಒಂದು ರಬ್ಬರ್ ವಾಲ್ವ್ ಇರುತ್ತದೆ. ಒಳಗಿನ ಗಾಳಿಯನ್ನು ಹೊರಗೆ ಬಿಡುವುದು, ಹೊರಗಿನದನ್ನು ಒಳಗೆ ಬಿಡದಿರುವುದು, ಇಷ್ಟೇ ಅದರ ಕೆಲಸ. ವಾಲ್ವ್ ಸರಿಯಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಮ್ಮಿ ಇರುತ್ತದೆ. ಎಣ್ಣೆ ಹೊರಗೆ ಬರಲು ನೋಡುವುದೇ ಇಲ್ಲ.

ರಬ್ಬರ್ ಹಳೆಯದಾಗಿ ಗಟ್ಟಿಯಾದರೆ, ಕೊಕ್ಕು ಅಂಟಿಕೊಂಡರೆ, ಪೈಪು ಎಲ್ಲಾದರೂ ಮಡಚಿಕೊಂಡರೆ ಗಾಳಿಗೆ ದಾರಿ ಇಲ್ಲ. ಆಗ ಅದು ಎಲ್ಲಿ ಬಲ ಕಮ್ಮಿಯೋ ಅಲ್ಲಿಂದ ಎಣ್ಣೆಯನ್ನೂ ಎಳೆದುಕೊಂಡು ನುಗ್ಗುತ್ತದೆ. ನೀವು ಹೊಸ ಪ್ಯಾಕಿಂಗ್ ಹಾಕಿ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಶುರುವಾಗುತ್ತದೆ. ನನ್ನ ಗಾಡಿಯಲ್ಲೇ ಹೆಡ್ಡಿನ (ಬೋರಿನ ಮೇಲೆ ಕೂರುವ ಭಾಗ) ಮೇಲಿನ ಕವರ್ ಪ್ಯಾಕಿಂಗ್ ಎರಡು ಸಲ ಬದಲಿಸಿದ ಮೇಲೆ ಗೊತ್ತಾಯಿತು, ಬ್ರೀದರ್ ಪೈಪು ಬ್ಯಾಟರಿ ಸ್ಟ್ಯಾಂಡಿನ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಪೈಪು ಬದಲಿಸಿದೆ, ಸೋರಿಕೆ ನಿಂತಿತು.

ಪರೀಕ್ಷೆ ಹೀಗೆ. ಇಂಜಿನ್ ಐಡ್ಲಿಂಗಿನಲ್ಲಿ ಇರಲಿ. ಪೈಪಿನ ತುದಿಗೆ ಬೆರಳು ಹತ್ತಿರ ಹಿಡಿಯಿರಿ.

- ಪುಸ್ ಪುಸ್ ಅಂತ ಗಾಳಿ ಹೊರಗೆ ಬಂದು, ಒಳಗೆ ಎಳೆಯದಿದ್ದರೆ ವಾಲ್ವ್ ಸರಿ ಇದೆ.
- ಹೊರಗೂ ಬಂದು ಒಳಗೂ ಎಳೆದರೆ ವಾಲ್ವ್ ಹೋಗಿದೆ. ಹೊಸದು ಹಾಕಿ, ಬೆಲೆ ಬಹಳ ಇಲ್ಲ.
- ಏನೂ ಬರದಿದ್ದರೆ ದಾರಿ ಕಟ್ಟಿದೆ. ಪೈಪು ಕಳಚಿ ತೊಳೆಯಿರಿ, ಎಣ್ಣೆ ಹಿಡಿಯುವ ಪುಟ್ಟ ಡಬ್ಬಿ ಇದ್ದರೆ ಅದನ್ನೂ ಖಾಲಿ ಮಾಡಿ.
- ಜೋರಾಗಿ, ಹೊಗೆಯ ಜೊತೆ, ಬಿಡದೆ ಬರುತ್ತಿದ್ದರೆ ಪಿಸ್ಟನ್ ರಿಂಗು ಅಥವಾ ಬೋರು ಸವೆದಿದೆ. ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗೆ ಬರುತ್ತಿದೆ. ಇದಕ್ಕೆ ಯಾವ ಪ್ಯಾಕಿಂಗೂ ಔಷಧಿ ಅಲ್ಲ, ಬೋರು ಕೆಲಸವೇ ಆಗಬೇಕು.

ಮೂರು, ನಾಲ್ಕನೇ ಹಂತ ಮುಗಿಸಿ ಮತ್ತೆ ತೊಳೆದು ಪೌಡರ್ ಹಾಕಿ ನೋಡಿ. ಅನೇಕರಿಗೆ ಇಲ್ಲಿಗೇ ಕೆಲಸ ಮುಗಿದಿರುತ್ತದೆ.

5. ವಾಷರ್‌ಗಳು

ಇನ್ನೂ ಸೋರುತ್ತಿದ್ದರೆ ಅಗ್ಗದ ಕೆಲಸದಿಂದ ಶುರು ಮಾಡಿ. ಡ್ರೈನ್ ಬೋಲ್ಟುಗಳ ಕೆಳಗಿನ ವಾಷರ್, ಆಯಿಲ್ ಫಿಲ್ಟರ್ ಮುಚ್ಚಳದ ಪ್ಯಾಕಿಂಗ್, ಬಲಗಡೆಯಿಂದ ಹೆಡ್ಡಿಗೆ ಎಣ್ಣೆ ಒಯ್ಯುವ ಸಣ್ಣ ಪೈಪಿನ ಬ್ಯಾಂಜೋ ಬೋಲ್ಟುಗಳು, ಇವನ್ನು ನೋಡಿ. ಬ್ಯಾಂಜೋ ಅಂದರೆ ನಡುವೆ ತೂತಿರುವ ಬೋಲ್ಟು, ಎಣ್ಣೆ ಅದರ ಒಳಗಿಂದಲೇ ಹರಿಯುತ್ತದೆ. ಅದರ ಎರಡೂ ಬದಿಗೆ ವಾಷರ್ ಬೇಕು. ಒಂದು ಬಿಟ್ಟರೂ ಸೋರುತ್ತದೆ.

ಫೈಬರ್ ವಾಷರ್ ಒಂದು ಸಲ ಬಿಚ್ಚಿದರೆ ಹೊಸದೇ ಹಾಕಿ. ಕಾಪರ್ ವಾಷರ್ ಚೆನ್ನಾಗಿದ್ದರೆ ಮತ್ತೆ ಬಳಸಬಹುದು. ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ಆರಲು ಬಿಡಿ. ತಾಮ್ರ ಮತ್ತೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ.

ಎಚ್ಚರಿಕೆ: ಸೋರುತ್ತಿದೆ ಅಂತ ಮೈಬಲ ಹಾಕಿ ಬಿಗಿ ಮಾಡಬೇಡಿ. ಬ್ಯಾಂಜೋ ಬೋಲ್ಟು ಟೊಳ್ಳು, ಪಟ್ ಅಂತ ಮುರಿಯುತ್ತದೆ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಮ್ಮಿನದು, ಥ್ರೆಡ್ ಕಿತ್ತುಬಂದರೆ ಲೇತ್ ಅಂಗಡಿಗೆ ಹೋಗಬೇಕು. ಯಾವ ಬೋಲ್ಟನ್ನೇ ಆಗಲಿ ಮೊದಲು ಕೈಯಲ್ಲಿ ತಿರುಗಿಸಿ ಪೂರ್ತಿ ಒಳಗೆ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

6. ಟ್ಯಾಪೆಟ್ ಕವರ್, ಹೆಡ್ಡಿನ ಕವರ್

ಬೋರಿನ ಬುಡದಲ್ಲಿ ಬಲಗಡೆ ಒಂದೇ ನಟ್ಟಿನಲ್ಲಿ ನಿಂತಿರುವ ಸಣ್ಣ ಬಾಗಿಲು ಟ್ಯಾಪೆಟ್ ಕವರ್. ಹೆಡ್ಡಿನ ಮೇಲೆ ಎರಡು ಕವರ್ ಇವೆ. ಪ್ಯಾಕಿಂಗ್ ಸೋರಿಕೆ ಹೆಚ್ಚಾಗಿ ಕಾಣಿಸುವುದು ಈ ಮೂರು ಕಡೆ. ಮನೆಯಲ್ಲೇ ಮಾಡಬಹುದಾದ ಕೆಲಸ ಇದು.

ಕವರ್ ಬರದಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಬಿದ್ದ ಗೀರಿನಿಂದಲೇ ಮುಂದೆ ಎಣ್ಣೆ ಬರುತ್ತದೆ. ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದರೆ ಸಡಿಲವಾಗುತ್ತದೆ. ಹಳೇ ಪ್ಯಾಕಿಂಗಿನ ಚೂರುಗಳನ್ನು ಥಿನ್ನರಿನಲ್ಲಿ ನೆನೆಸಿ, ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯಿರಿ. ಚೂರು ಒಳಗೆ ಬೀಳದಂತೆ ಬಟ್ಟೆ ತುರುಕಿರಿ, ಮುಚ್ಚುವಾಗ ಆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ.

ಈಗ ಕವರ್ ಸಮ ಇದೆಯಾ ನೋಡಿ. ವರ್ಷಗಟ್ಟಲೆ ಅತಿಯಾಗಿ ಬಿಗಿ ಮಾಡಿ ಮಾಡಿ ಅದು ಸೊಟ್ಟಗಾಗಿರುತ್ತದೆ. ದಪ್ಪ ಗಾಜಿನ ತುಂಡಿನ ಮೇಲೆ ನಯವಾದ ಎಮರಿ ಪೇಪರ್ ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು, ಕವರನ್ನು ಅದರ ಮೇಲೆ ಗುಂಡಗೆ ತಿಕ್ಕಿ. ಹೊಳೆಯುವ ಕಡೆ ಉಬ್ಬು, ಮಂಕಾಗಿರುವ ಕಡೆ ತಗ್ಗು. ಪೂರ್ತಿ ಒಂದೇ ಬಣ್ಣ ಬರುವ ತನಕ ತಾಳ್ಮೆಯಿಂದ ತಿಕ್ಕಿ. ಆಮೇಲೆ ಎಮರಿ ಪುಡಿ ಒಂದು ಕಣವೂ ಉಳಿಯದಂತೆ ತೊಳೆಯಿರಿ. ಇಷ್ಟು ಮಾಡಿದರೆ ಸಾಧಾರಣ ಪ್ಯಾಕಿಂಗ್ ಕೂಡ ಚೆನ್ನಾಗಿ ಕೂರುತ್ತದೆ.

ಗಮ್ಮಿನ ವಿಷಯ. ಟ್ಯೂಬ್ ಗಮ್ ಹಚ್ಚಲೇಬೇಕು ಅನಿಸಿದರೆ ಪ್ಯಾಕಿಂಗಿನ ಒಂದು ಬದಿಗೆ, ಬೆರಳಲ್ಲಿ ಸವರಿದಷ್ಟು ತೆಳುವಾಗಿ ಹಚ್ಚಿ. ದಪ್ಪಗೆ ಹಚ್ಚಿದರೆ ಹೊರಗೆ ಎಷ್ಟು ಉಬ್ಬಿ ಕಾಣುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಆ ತುಂಡು ಕಿತ್ತು ಎಣ್ಣೆಯ ದಾರಿಗೆ ಅಡ್ಡ ನಿಂತರೆ ಹೆಡ್ಡಿಗೋ ಕ್ರ್ಯಾಂಕಿಗೋ ಎಣ್ಣೆ ಹೋಗುವುದಿಲ್ಲ. ಸೋರುವ ಇಂಜಿನ್ ಸಾಯುವುದಿಲ್ಲ, ಎಣ್ಣೆ ಸಿಗದ ಇಂಜಿನ್ ಸಾಯುತ್ತದೆ. ಹೊರಗಿನಿಂದ ಎಂ-ಸೀಲ್ ಮೆತ್ತುವುದಂತೂ ಬೇಡವೇ ಬೇಡ.

ಟ್ಯಾಪೆಟ್ ಕವರ್ ಹೇಗೂ ತೆಗೆದಿದ್ದೀರಿ ಅಂದ ಮೇಲೆ ಟ್ಯಾಪೆಟ್ಟನ್ನೂ ನೋಡಿಬಿಡಿ. ತಣ್ಣಗಿನ ಇಂಜಿನ್, ಕಂಪ್ರೆಷನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ. ಪುಶ್‌ರಾಡ್ (ವಾಲ್ವ್ ತೆರೆಯಲು ಕೆಳಗಿನಿಂದ ತಳ್ಳುವ ಉದ್ದನೆ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

7. ಎಡಗಡೆಯ ಚೈನ್ ಕೇಸ್

ಇದರ ಹೊರಗಿನ ಕವರ್ ನಿಂತಿರುವುದು ನಡುವಿನ ಒಂದೇ ದೊಡ್ಡ ನಟ್ಟಿನ ಮೇಲೆ. ಸುತ್ತಲೂ ರಬ್ಬರ್ ಪಟ್ಟಿ. ಬಿಚ್ಚಲು ಎಡಗಡೆಯ ಫುಟ್‌ರೆಸ್ಟ್ ತೆಗೆಯಬೇಕು. ಬಲಗಡೆ ಗೇರ್ ಇರುವ ಗಾಡಿಯಾದರೆ ಬ್ರೇಕ್ ಪೆಡಲ್ಲನ್ನೂ ತೆಗೆಯಬೇಕು. ಎಣ್ಣೆ ಚೆಲ್ಲುತ್ತದೆ, ಕೆಳಗೆ ತಟ್ಟೆ ಇಡಿ.

ರಬ್ಬರ್ ಪಟ್ಟಿ ಹೊಸದು ಹಾಕಿ. ಕೂರುವ ಜಾಗ ಒಣಗಿರಲಿ, ಪಟ್ಟಿ ಎಲ್ಲೂ ತಿರುಚಿಕೊಂಡಿರಬಾರದು. ನಡುವಿನ ನಟ್ಟನ್ನು ಹದವಾಗಿ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಕವರಿನ ನಡುವೆ ತಗ್ಗಾಗಿ ಅಂಚು ಎದ್ದೇಳುತ್ತದೆ, ಆಗ ಮೊದಲಿಗಿಂತ ಹೆಚ್ಚು ಸೋರುತ್ತದೆ. ಎಣ್ಣೆ ತುಂಬುವಾಗ ಲೆವೆಲ್ ಸ್ಕ್ರೂ ತೆಗೆದಿಡಿ. ಅಲ್ಲಿಂದ ಹನಿಯಲು ಶುರುವಾದರೆ ಸಾಕು, ನಿಲ್ಲಿಸಿ.

ಮುಖ್ಯವಾದ ಗುರುತು ಒಂದಿದೆ. ಚೈನ್ ಕೇಸಿನಲ್ಲಿ ಎಣ್ಣೆ ತಾನಾಗಿಯೇ ಜಾಸ್ತಿಯಾಗುತ್ತಾ, ಇಂಜಿನ್ನಿನಲ್ಲಿ ಕಮ್ಮಿಯಾಗುತ್ತಾ ಹೋದರೆ ಕ್ರ್ಯಾಂಕಿನ ಎಡಬದಿಯ ಆಯಿಲ್ ಸೀಲ್ ಹೋಗಿದೆ. ಅದನ್ನು ಬದಲಿಸಲು ಕ್ಲಚ್ಚು, ಚೈನು ಎಲ್ಲ ಹೊರಗೆ ಬರಬೇಕು. ಪುಲ್ಲರ್ (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಸಾಧನ) ಇಲ್ಲದೆ ಕೈ ಹಾಕಬೇಡಿ. ಆದರೆ ಸೀಲ್ ಹಾಕಿಸುವ ಮೊದಲು ಬ್ರೀದರ್ ಸರಿಯಾಗಿರಲೇಬೇಕು, ಇಲ್ಲದಿದ್ದರೆ ಹೊಸ ಸೀಲೂ ಉಳಿಯುವುದಿಲ್ಲ.

ಗೇರ್‌ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್ಬಿಯನ್ ಹೆಸರಿನ ಈ ಗೇರ್‌ಬಾಕ್ಸ್ ವಿನ್ಯಾಸವಾದದ್ದೇ ತೆಳು ಗ್ರೀಸಿಗಾಗಿ. ಯಾರೋ ಬರೀ ಇಂಜಿನ್ ಆಯಿಲ್ ತುಂಬಿದ್ದರೆ ಸೋರದೆ ಇನ್ನೇನಾಗುತ್ತದೆ? ಇಪಿ 90 ಗೇರ್ ಎಣ್ಣೆಯ ಜೊತೆ ಗ್ರೀಸ್ ಸೇರಿಸಿ ಹಾಕುವುದು ಹಳಬರ ರೂಢಿ, ಅದು ಈಗಲೂ ಸರಿ.

8. ಟೈಮಿಂಗ್ ಕವರ್: ಯೋಚಿಸಿ ಕೈ ಹಾಕಿ

ಬಲಗಡೆಯ ಈ ಕವರಿನ ಒಳಗೇ ಎಣ್ಣೆಯ ದಾರಿಗಳಿವೆ, ಪಂಪುಗಳಿವೆ. ಬಿಚ್ಚಿದಾಗ ಒಳಗಿನ ಹಲ್ಲುಚಕ್ರಗಳು ಕವರಿನ ಜೊತೆ ಜಾರಿ ಬಂದರೆ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು, ತಪ್ಪುತ್ತದೆ. ಕ್ರ್ಯಾಂಕಿಗೆ ಎಣ್ಣೆ ಸೇರುವ ಕಡೆ ಒಂದು ಪುಟ್ಟ ಸೀಲ್ ಇದೆ. ಕವರ್ ತೆಗೆದರೆ ಅದನ್ನು ಹೊಸದು ಹಾಕಲೇಬೇಕು. ಅದು ಸರಿಯಾಗಿ ಕೂರದಿದ್ದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಆದರೆ ಬಿಗ್ ಎಂಡಿಗೆ, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಜಾಗಕ್ಕೆ, ಎಣ್ಣೆ ಸಾಲುವುದಿಲ್ಲ. ಪ್ಯಾಕಿಂಗಿನಲ್ಲಿರುವ ಪ್ರತಿ ತೂತೂ ಕವರಿನ ತೂತಿಗೆ ಸರಿಯಾಗಿ ಹೊಂದಬೇಕು.

ಕವರ್ ಮುಚ್ಚಿದ ಮೇಲೆ ಫಿಲ್ಟರ್ ಕೋಣೆಗೆ ಎಣ್ಣೆ ತುಂಬಿಯೇ ಸ್ಟಾರ್ಟ್ ಮಾಡಿ. ಹೆಡ್ಡಿನ ಬಳಿಯ ಬ್ಯಾಂಜೋ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ ನೋಡಿ. ಎಣ್ಣೆ ಜಿನುಗಬೇಕು. ಒಂದೆರಡು ನಿಮಿಷದಲ್ಲಿ ಬರದಿದ್ದರೆ ಕೂಡಲೇ ಆಫ್ ಮಾಡಿ, ಹೀಗೆಯೇ ಓಡಿಸಬೇಡಿ.

ಬೋರಿನ ಬುಡದ ಪ್ಯಾಕಿಂಗ್, ಹೆಡ್ ಪ್ಯಾಕಿಂಗ್ ಇವು ಹೆಡ್ಡು ಇಳಿಸುವ ಕೆಲಸ. ಒಮ್ಮೆಯೂ ಮಾಡಿರದಿದ್ದರೆ ನಂಬಿಕೆಯ ಮೆಕ್ಯಾನಿಕ್ ಹತ್ತಿರ ಹೋಗಿ, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ಸೋರುವ ಜಾಗವನ್ನು ನೀವೇ ಗುರುತು ಮಾಡಿ ತೋರಿಸಿದರೆ ಅವರಿಗೂ ಸುಲಭ, ನಿಮಗೂ ಖರ್ಚು ಕಮ್ಮಿ.

9. ಕೆಲಸ ಆದ ಮೇಲೆ

ಮತ್ತೊಮ್ಮೆ ತೊಳೆದು, ಪೌಡರ್ ಹಾಕಿ, ಹತ್ತು ಕಿಲೋಮೀಟರ್ ಓಡಿಸಿ. ಹೊಸ ಪ್ಯಾಕಿಂಗ್ ಕಾದು ತಣಿದಾಗ ಸ್ವಲ್ಪ ಕುಗ್ಗುತ್ತದೆ. ಮರುದಿನ ಇಂಜಿನ್ ತಣ್ಣಗಿರುವಾಗ ನಟ್ಟುಗಳನ್ನು ಒಂದು ಸುತ್ತು ಪರೀಕ್ಷಿಸಿ, ಸಡಿಲ ಇದ್ದುದನ್ನು ಮಾತ್ರ ಹಿಡಿಸಿ. ಒಂದು ವಾರ ರಾತ್ರಿ ರಟ್ಟು ಹಾಸಿ. ಎಣ್ಣೆ ಎಷ್ಟಿದೆ, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ರಟ್ಟಿನ ಮೇಲೇ ಬರೆದಿಡಿ.

ಬಿಚ್ಚಿದ ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಹಳೇ ಎಣ್ಣೆ ಕೊಳ್ಳುವವರು ಅಲ್ಲಿಗೆ ಬರುತ್ತಾರೆ.